ನಲವತ್ತಾದ ಮೇಲೆ ಸಂಶೋಧನೆ ಮುಗಿದುಹೋಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಂದು ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ವಯಸ್ಸು 39. ಪಿಎಚ್‌ಡಿಯಲ್ಲಿ ದ್ರವಗಳ ಹರಿವು ಮತ್ತು ಶಾಖದ ಕಂಪ್ಯೂಟರ್ ಲೆಕ್ಕಾಚಾರ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅದೇ ವಿಷಯದ ಪೇಪರ್‌ಗಳು ಚೆನ್ನಾಗಿ ಬಂದವು. ಈಚೆಗೆ ತುಂಬ ಕಡಿಮೆಯಾಗಿವೆ. ಕಳಿಸಿದ ಎರಡು ಪ್ರಾಜೆಕ್ಟ್ ಪ್ರಪೋಸಲ್‌ಗಳೂ ವಾಪಸ್ ಬಂದವು. ಬ್ಯಾಟರಿಗಳನ್ನು ತಂಪಾಗಿಡುವ ಸಮಸ್ಯೆ ಮೇಲೆ ಮನಸ್ಸಿದೆ, ಆದರೆ ಹೊಸ ವಿಷಯಕ್ಕೆ ಕೈ ಹಾಕಲು ಭಯ. "ಹೊಸದು ಹೊಳೆಯುವುದೆಲ್ಲ ನಲವತ್ತರ ಒಳಗೆ, ಇನ್ನು ಆಡಳಿತದ ಕಡೆ ಬನ್ನಿ" ಎನ್ನುತ್ತಾರೆ ಹಿರಿಯರೊಬ್ಬರು. ಉಪ ಡೀನ್ ಹುದ್ದೆಗೆ ಕರೆದೂ ಇದ್ದಾರೆ. ನನ್ನ ಎಚ್-ಇಂಡೆಕ್ಸ್ (ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂದು ಅಳೆಯುವ ಅಂಕಿ) ಕೂಡ ಜೊತೆಯವರಿಗಿಂತ ಕಡಿಮೆ. ನನ್ನ ಸಂಶೋಧನೆ ಇಷ್ಟೇನಾ?

ಉತ್ತರ: ಇಷ್ಟೇ ಅಲ್ಲ. ಸುಮ್ನೆ ಧೈರ್ಯ ತುಂಬುವುದಕ್ಕೆ ಹೀಗೆ ಹೇಳುತ್ತಿಲ್ಲ. ವಯಸ್ಸು ಏರಿದ ಹಾಗೆ ವಿಜ್ಞಾನಿಗಳ ಸಂಶೋಧನೆ ಹೇಗೆ ಸಾಗುತ್ತದೆ ಎಂದು ಬಹಳ ಜನ ಲೆಕ್ಕ ಹಾಕಿ ನೋಡಿದ್ದಾರೆ. ಆ ಲೆಕ್ಕಗಳು ನಿಮ್ಮ ಹಿರಿಯರ ಮಾತಿಗೆ ಹೊಂದುವುದಿಲ್ಲ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಎಷ್ಟೋ ವಿಭಾಗಗಳಲ್ಲಿ ಇದು ಹಿರಿಯರಿಂದ ಕಿರಿಯರಿಗೆ ಬಂದ ನಂಬಿಕೆ. ಇದನ್ನು ನಂಬಿದವರು ನಲವತ್ತಕ್ಕೆ ಕೈಚೆಲ್ಲುತ್ತಾರೆ. ಕೈಚೆಲ್ಲಿದ ಮೇಲೆ ನಂಬಿಕೆ ನಿಜವೂ ಆಗುತ್ತದೆ. ಅದಕ್ಕೇ ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ.

ಮೊದಲು ವಯಸ್ಸಿನ ವಿಚಾರ. ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 1953ರಲ್ಲಿ ಹಾರ್ವೆ ಲೇಮನ್ ಎಂಬ ಮನಶ್ಶಾಸ್ತ್ರಜ್ಞರು ವಿಜ್ಞಾನಿಗಳ, ಕಲಾವಿದರ ಸಾಧನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ದೊಡ್ಡ ಕೆಲಸಗಳು ಹೆಚ್ಚಾಗಿ ಮೂವತ್ತರಿಂದ ನಲವತ್ತರ ನಡುವೆ ಬರುತ್ತವೆ ಎಂದರು. ಅದರ ಜೊತೆಗೆ ಕ್ವಾಂಟಂ ಭೌತಶಾಸ್ತ್ರದ ಕಥೆಗಳಿವೆ. 1925ರಲ್ಲಿ ಹೈಸೆನ್‌ಬರ್ಗ್ ಆ ಹೊಸ ದಾರಿ ತೆರೆದಾಗ ಅವರಿಗೆ 23 ವರ್ಷ. ಡಿರಾಕ್ ತಮ್ಮ ಹೆಸರಿನ ಸಮೀಕರಣ ಕೊಟ್ಟಾಗ 25. ಇಂಥ ಕಥೆ ಕೇಳುತ್ತ ಬೆಳೆದವರಿಗೆ 39 ಎಂದರೆ ಬಸ್ಸು ಹೋಯಿತು ಅನ್ನಿಸುವುದು ಸಹಜ.

ಆದರೆ ಆ ಕಾಲ ಬೇರೆ. ಬೆಂಜಮಿನ್ ಜೋನ್ಸ್ ಮತ್ತು ಬ್ರೂಸ್ ವೈನ್‌ಬರ್ಗ್ ಎಂಬ ಸಂಶೋಧಕರು ಅಲ್ಲಿಯವರೆಗೆ ನೊಬೆಲ್ ಪಡೆದಿದ್ದ 525 ಜನರ ಲೆಕ್ಕವನ್ನು 2011ರಲ್ಲಿ ತೆಗೆದರು. ಬಹುಮಾನ ಬಂದ ವಯಸ್ಸಲ್ಲ, ಬಹುಮಾನ ತಂದ ಕೆಲಸ ಮಾಡಿದ ವಯಸ್ಸು. 1905ಕ್ಕಿಂತ ಮೊದಲು ಸುಮಾರು ಮೂರರಲ್ಲಿ ಎರಡು ಪಾಲು ಜನ ಆ ಕೆಲಸವನ್ನು 40ರ ಒಳಗೆ ಮಾಡಿದ್ದರು. 2000ದ ಹೊತ್ತಿಗೆ ಭೌತಶಾಸ್ತ್ರದಲ್ಲಿ 40ರ ಒಳಗೆ ಮಾಡಿದವರು ಶೇಕಡಾ 19 ಮಾತ್ರ. ರಸಾಯನಶಾಸ್ತ್ರದಲ್ಲಿ ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಕಾರಣ ಸರಳವಾಗಿದೆ. ಕ್ವಾಂಟಂ ಭೌತಶಾಸ್ತ್ರ ಹುಟ್ಟುವಾಗ ಅದು ಹೊಸ ವಿಷಯ, ಮೊದಲೇ ಕಲಿತಿರಬೇಕಾದದ್ದು ಕಡಿಮೆ. ಈಗ ಯಾವ ವಿಷಯದ ಅಂಚಿಗೆ ಹೋಗಿ ನಿಲ್ಲಬೇಕಾದರೂ ಕಲಿಯುವುದೇ ಬಹಳ. ಪ್ರಯೋಗದ ಕೆಲಸವಾದರೆ ಉಪಕರಣ ಹೊಂದಿಸುವುದಕ್ಕೇ ವರ್ಷಗಳು ಬೇಕು.

ನಿಮಗೆ ಬ್ಯಾಟರಿ ಮೇಲೆ ಮನಸ್ಸಿದೆ ಅಲ್ವಾ? ಹಾಗಾದರೆ ಜಾನ್ ಗುಡ್‌ಇನಫ್ ಅವರನ್ನು ನೆನೆಯಬೇಕು. ಅವರು ಹುಟ್ಟಿದ್ದು 1922ರಲ್ಲಿ. ಮೊದಲು ಬಹಳ ವರ್ಷ ಕಂಪ್ಯೂಟರ್ ಮೆಮೊರಿಗೆ ಬೇಕಾದ ಕಾಂತೀಯ ವಸ್ತುಗಳ ಮೇಲೆ ಕೆಲಸ ಮಾಡಿದ್ದರು. ಐವತ್ತು ದಾಟಿದ ಮೇಲೆ ಆಕ್ಸ್‌ಫರ್ಡ್‌ಗೆ ಪ್ರಾಧ್ಯಾಪಕರಾಗಿ ಹೋದರು. ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬ್ಯಾಟರಿಗೆ ಒಳ್ಳೆಯ ಧನಾಗ್ರವಾಗುತ್ತದೆ ಎಂದು ಅವರ ತಂಡ ತೋರಿಸಿದ್ದು 1980ರಲ್ಲಿ. ನೊಬೆಲ್ ಬಂದಾಗ ಅವರಿಗೆ 97. ಜಾನ್ ಫೆನ್ ಅವರದ್ದು ಇನ್ನೂ ತಡ. ದೊಡ್ಡ ಪ್ರೋಟೀನ್ ಅಣುಗಳನ್ನು ಮುರಿಯದೆ ವಿದ್ಯುದಾವೇಶ ಕೊಟ್ಟು ತೂಗುವ ವಿಧಾನವನ್ನು ಅವರು ಜಗತ್ತಿಗೆ ತೋರಿಸಿದಾಗ ಅವರಿಗೆ ಎಪ್ಪತ್ತರ ಆಸುಪಾಸು. 2002ರಲ್ಲಿ ಅವರಿಗೂ ನೊಬೆಲ್ ಬಂತು. ಇಂಥ ಕಥೆಗಳನ್ನು ಒಂದು ಎಚ್ಚರಿಕೆ ಇಟ್ಟುಕೊಂಡೇ ಓದಬೇಕು. ತಡವಾಗಿ ಗೆದ್ದವರ ಹೆಸರು ನಮಗೆ ಗೊತ್ತಾಗುತ್ತದೆ, ಗೆಲ್ಲದೆ ಉಳಿದವರದ್ದು ಗೊತ್ತಾಗುವುದಿಲ್ಲ. ಅದಕ್ಕೇ ಒಬ್ಬೊಬ್ಬರ ಕಥೆಗಿಂತ ಸಾವಿರಾರು ಜನರ ಲೆಕ್ಕವನ್ನು ನಾನು ಜಾಸ್ತಿ ನಂಬುತ್ತೇನೆ.

ಅಂಥದೊಂದು ಲೆಕ್ಕ 2016ರಲ್ಲಿ ಬಂತು. ರೊಬೆರ್ತಾ ಸಿನಾತ್ರಾ, ಆಲ್ಬರ್ಟ್-ಲಾಸ್ಲೊ ಬರಾಬಾಶಿ ಮತ್ತು ಅವರ ಜೊತೆಗಾರರು ಸಾವಿರಾರು ವಿಜ್ಞಾನಿಗಳ ಪೇಪರ್‌ಗಳನ್ನು ಬರೆದ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಿದರು. ಪ್ರತಿಯೊಬ್ಬರ ಅತಿ ಹೆಚ್ಚು ಉಲ್ಲೇಖಗೊಂಡ ಪೇಪರ್ ಆ ಸಾಲಿನಲ್ಲಿ ಎಲ್ಲಿ ಬರುತ್ತದೆ ಎಂಬುದು ಪ್ರಶ್ನೆ. ಉತ್ತರ: ಎಲ್ಲಿ ಬೇಕಾದರೂ. ಮೊದಲನೆಯದಾಗಿರಬಹುದು, ನಡುವಿನದಾಗಿರಬಹುದು, ಕೊನೆಯದೂ ಆಗಿರಬಹುದು. ಎಲ್ಲಕ್ಕೂ ಸಮಾನ ಅವಕಾಶ. ಹಾಗಿದ್ದರೆ ಚಿಕ್ಕ ವಯಸ್ಸಿನಲ್ಲೇ ದೊಡ್ಡ ಕೆಲಸ ಜಾಸ್ತಿ ಕಾಣುವುದು ಏಕೆ? ಆ ವಯಸ್ಸಿನಲ್ಲಿ ಜನ ಜಾಸ್ತಿ ಪೇಪರ್ ಬರೆಯುತ್ತಾರೆ, ಅಷ್ಟೆ. ಆಮೇಲೆ ಬರೆಯುವುದು ಕಡಿಮೆಯಾಗುತ್ತದೆ. ಆದರೆ ಬರೆದ ಒಂದೊಂದು ಪೇಪರಿನ ಯೋಗ ಕಡಿಮೆಯಾಗಿರುವುದಿಲ್ಲ. ಈ ಒಂದು ವಿಷಯ ನಿಮ್ಮ ಮನಸ್ಸಿನಲ್ಲಿ ನಿಲ್ಲಲಿ ಎಂದು ನನ್ನ ಆಸೆ. ವಯಸ್ಸು ನಿಮ್ಮ ಮುಂದಿನ ಪೇಪರಿನ ಬೆಲೆ ಇಳಿಸಿಲ್ಲ. ಇಳಿಸುವುದು ಬರೆಯುವುದನ್ನು ನಿಲ್ಲಿಸುವ ನಿರ್ಧಾರ.

ಇನ್ನೊಂದು ಅಧ್ಯಯನ ನಿಮ್ಮಂಥ ಪ್ರಾಧ್ಯಾಪಕರ ಮೇಲೆಯೇ ನಡೆದದ್ದು. 2017ರಲ್ಲಿ ಸ್ಯಾಮ್ಯುಯೆಲ್ ವೇ, ಏರನ್ ಕ್ಲಾಸೆಟ್ ಮತ್ತಿತರರು ಅಮೆರಿಕ ಹಾಗೂ ಕೆನಡಾದ 205 ಕಂಪ್ಯೂಟರ್ ಸೈನ್ಸ್ ವಿಭಾಗಗಳ 2,453 ಪ್ರಾಧ್ಯಾಪಕರ ಪ್ರಕಟಣೆಗಳನ್ನು ವರ್ಷವರ್ಷವೂ ಎಣಿಸಿದರು. ಎಲ್ಲರದ್ದೂ ಸೇರಿಸಿ ಸರಾಸರಿ ತೆಗೆದರೆ ನಾವು ಕೇಳಿ ಕೇಳಿ ಅಭ್ಯಾಸವಾದ ಚಿತ್ರವೇ ಬರುತ್ತದೆ. ಸೇರಿದ ಹೊಸದರಲ್ಲಿ ಸರ್ರನೆ ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆದರೆ ಒಬ್ಬೊಬ್ಬರನ್ನೇ ಬಿಡಿಸಿ ನೋಡಿದಾಗ ಹಾಗೆ ಸಾಗಿದವರು ಸುಮಾರು ಐದರಲ್ಲಿ ಒಬ್ಬರು ಮಾತ್ರ. ಉಳಿದವರಲ್ಲಿ ಕೆಲವರು ನಿಧಾನವಾಗಿ ಏರುತ್ತಲೇ ಹೋಗಿದ್ದರು. ಕೆಲವರು ಇಳಿದು ಮತ್ತೆ ಏರಿದ್ದರು. ಬಡ್ತಿ ಸಮಿತಿಗಳು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಗೆರೆ ಹೆಚ್ಚಿನ ಪ್ರಾಧ್ಯಾಪಕರ ಗೆರೆಯೇ ಅಲ್ಲ.

ಹಾಗಿದ್ದರೆ ನಿಮ್ಮ ಪೇಪರ್‌ಗಳು ಏಕೆ ಕಡಿಮೆಯಾದವು? ನಿಮ್ಮ ಪತ್ರದಲ್ಲೇ ಇದಕ್ಕೆ ಸುಳಿವಿದೆ. ಮೊದಲ ವರ್ಷಗಳ ಪೇಪರ್‌ಗಳು ಪಿಎಚ್‌ಡಿ ವಿಷಯದವು ಎಂದಿದ್ದೀರಿ. ಅಂದರೆ ಅವುಗಳ ಕೆಲಸ ಬಹುಪಾಲು ಮೊದಲೇ ಆಗಿತ್ತು. ಪಿಎಚ್‌ಡಿಯಲ್ಲಿ ಇಡೀ ದಿನ ಒಂದೇ ಸಮಸ್ಯೆ. ಬೆನ್ನ ಹಿಂದೆ ಗೈಡ್ ಇದ್ದರು, ಅವರ ಲ್ಯಾಬ್ ಇತ್ತು, ಅವರ ಗ್ರಾಂಟ್ ಇತ್ತು. ಅಲ್ಲಿ ಕೂಡಿಟ್ಟದ್ದನ್ನು ನೀವು ಕೆಲಸಕ್ಕೆ ಸೇರಿದ ಮೇಲೂ ಕೆಲವು ವರ್ಷ ಬರೆದಿರಿ. ಈಗ ಅದು ಮುಗಿದಿದೆ. ಹೊಸದು ಇನ್ನೂ ತಯಾರಾಗಿಲ್ಲ. ಹೆಚ್ಚುಕಡಿಮೆ ಎಲ್ಲ ಪ್ರಾಧ್ಯಾಪಕರೂ ಒಮ್ಮೆ ಈ ಬಿಡುವನ್ನು ದಾಟುತ್ತಾರೆ. ಇದರ ಬಗ್ಗೆ ಮೊದಲೇ ಯಾರೂ ಹೇಳಿರುವುದಿಲ್ಲ. ಹಾಗಾಗಿ ಪ್ರತಿಯೊಬ್ಬರೂ ಇದು ತಮ್ಮೊಬ್ಬರ ಕೊರತೆ ಎಂದುಕೊಳ್ಳುತ್ತಾರೆ.

ಪೇಪರಿನ ಹಿಂದಿನ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸ ಪಿಎಚ್‌ಡಿ ವಿದ್ಯಾರ್ಥಿ ಸೇರಿದರೆ ಕೋರ್ಸ್‌ವರ್ಕ್, ಓದು, ಸಾಫ್ಟ್‌ವೇರ್ ಕಲಿಯುವುದು, ಸಮಸ್ಯೆ ಹಿಡಿಯುವುದು ಇಷ್ಟಕ್ಕೇ ಒಂದೂವರೆ ಎರಡು ವರ್ಷ. ಫಲಿತಾಂಶ ಸಿಕ್ಕ ಮೇಲೆ ಬರೆಯಬೇಕು. ಜರ್ನಲ್‌ಗೆ ಕಳಿಸಿದ ಮೇಲೆ ರಿವ್ಯೂ, ತಿದ್ದುವುದು, ಮತ್ತೆ ರಿವ್ಯೂ. ಇವತ್ತು ಅಚ್ಚಾಗಿ ಬಂದ ಪೇಪರ್ ಮೂರು ನಾಲ್ಕು ವರ್ಷದ ಹಿಂದಿನ ನಿರ್ಧಾರದ ಫಲ. ಹಾಗೆಯೇ ಇವತ್ತು ಪೇಪರ್ ಇಲ್ಲ ಎಂದರೆ ಮೂರು ವರ್ಷದ ಹಿಂದೆ ನಿಮ್ಮ ಸಮಯ ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಬೇಕು. ಹೊಸ ಕೋರ್ಸ್ ಪಾಠ ತಯಾರಿಗೆ ಹೋಯಿತಾ? ಮಾನ್ಯತೆ ಸಮಿತಿಯ ಫೈಲುಗಳಿಗೆ ಹೋಯಿತಾ? ಮನೆಯ ಜವಾಬ್ದಾರಿಗೆ ಹೋಯಿತಾ? ನಿಮ್ಮ ಬುದ್ಧಿಗೆ ಏನೂ ಆಗಿಲ್ಲ. ಸಮಯ ತುಂಡು ತುಂಡಾಗಿದೆ.

ಇನ್ನೂ ಒಂದು ಬದಲಾವಣೆ ಆಗಿದೆ. ಅದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ವಿದ್ಯಾರ್ಥಿಯಾಗಿದ್ದಾಗ ನೀವೇ ಕೋಡ್ ಬರೆಯುತ್ತಿದ್ದಿರಿ. ಈಗ ಬೇರೆಯವರ ಕೈಯಲ್ಲಿ ಬರೆಸುತ್ತೀರಿ. ಗ್ರೂಪ್ ದೊಡ್ಡದಾದ ಹಾಗೆ ಪ್ರಾಧ್ಯಾಪಕರು ಕೆಲಸ ಬಿಟ್ಟು ಕೆಲಸದ ವರದಿ ಮಾತ್ರ ನೋಡತೊಡಗುತ್ತಾರೆ. ಕೆಲವರಿಗೆ ಅದು ಒಗ್ಗುತ್ತದೆ. ಆದರೆ ಹೊಸ ಪ್ರಶ್ನೆ ಹುಟ್ಟುವುದು ಹೆಚ್ಚಾಗಿ ಲೆಕ್ಕ ಸರಿಹೋಗದ ಜಾಗದಲ್ಲಿ. ಆ ಜಾಗ ಕೋಡ್ ಬರೆದವರ ಕಣ್ಣಿಗೆ ಬೀಳುತ್ತದೆ, ಸ್ಲೈಡ್ ನೋಡಿದವರ ಕಣ್ಣಿಗೆ ಬೀಳುವುದಿಲ್ಲ. ವಿದ್ಯಾರ್ಥಿಗಳು ಸರಿಬಂದ ಗ್ರಾಫ್‌ಗಳನ್ನೇ ತಂದು ತೋರಿಸುತ್ತಾರೆ. ಸರಿಬಾರದವು ಅವರ ಕಂಪ್ಯೂಟರಿನಲ್ಲೇ ಉಳಿದುಬಿಡುತ್ತವೆ. ಅದಕ್ಕೇ ಎಷ್ಟೇ ಜವಾಬ್ದಾರಿ ಇರಲಿ, ಒಂದು ಸಣ್ಣ ಸಮಸ್ಯೆಯನ್ನಾದರೂ ಪ್ರಾಧ್ಯಾಪಕರು ತಮ್ಮ ಕೈಯಾರೆ ಮಾಡುತ್ತಿರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ವಾರಕ್ಕೆ ಎರಡು ಪೂರ್ತಿ ಬೆಳಗ್ಗೆ ಸಾಕು. ಆ ಹೊತ್ತಿಗೆ ಮೀಟಿಂಗ್ ಒಪ್ಪಿಕೊಳ್ಳಬೇಡಿ. ಒಂದೊಂದು ಗಂಟೆಯ ಹತ್ತು ತುಂಡುಗಳಿಂದ ಆಗದ ಕೆಲಸ ಒಟ್ಟಿಗೆ ಸಿಕ್ಕ ನಾಲ್ಕು ಗಂಟೆಯಲ್ಲಿ ಆಗುತ್ತದೆ.

ಈಗ ವಿಷಯ ಬದಲಿಸುವ ಪ್ರಶ್ನೆ. ಇಲ್ಲಿ ಎರಡು ಕಡೆಯ ಸಾಕ್ಷ್ಯವೂ ಇದೆ.

ಬದಲಾವಣೆಯ ಪರವಾಗಿ ಮೊದಲು ನೋಡೋಣ. 2018ರಲ್ಲಿ ಡಾಶುನ್ ವಾಂಗ್ ಅವರ ತಂಡ ಕಲಾವಿದರು, ಸಿನಿಮಾ ನಿರ್ದೇಶಕರು, ವಿಜ್ಞಾನಿಗಳು ಈ ಮೂವರ ವೃತ್ತಿಜೀವನವನ್ನೂ ನೋಡಿತು. ಹೆಚ್ಚಿನವರಿಗೆ ಒಂದಾದ ಮೇಲೊಂದು ಒಳ್ಳೆಯ ಕೆಲಸ ಬರುವ ಒಂದು ಅವಧಿ ಇರುತ್ತದೆ ಎಂದು ಕಂಡುಬಂತು. ವಿಜ್ಞಾನಿಗಳಿಗೆ ಅದು ಸುಮಾರು ನಾಲ್ಕು ವರ್ಷ. ಯಾವ ವಯಸ್ಸಿನಲ್ಲಿ ಬೇಕಾದರೂ ಬರಬಹುದು. ಅದು ಯಾವಾಗ ಶುರುವಾಗುತ್ತದೆ ಎಂದು 2021ರಲ್ಲಿ ಅವರ ತಂಡವೇ ಹುಡುಕಿತು. ಮೊದಲು ಹಲವು ವಿಷಯಗಳಲ್ಲಿ ಕೈಯಾಡಿಸಿ, ಆಮೇಲೆ ಒಂದರ ಮೇಲೆ ಗಟ್ಟಿಯಾಗಿ ನಿಂತವರಲ್ಲಿ ಅದು ಜಾಸ್ತಿ ಕಂಡಿತು. ಬರೀ ಅಲೆದಾಡಿದರೆ ಬರುವುದಿಲ್ಲ. ಒಂದೇ ಜಾಗದಲ್ಲಿ ಅಗೆಯುತ್ತಿದ್ದರೂ ಬರುವುದಿಲ್ಲ. ಎರಡೂ ಆ ಕ್ರಮದಲ್ಲೇ ಬೇಕು.

ಎದುರಿನ ಸಾಕ್ಷ್ಯ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಲಕ್ಷಗಟ್ಟಲೆ ಪೇಪರ್ ಮತ್ತು ಪೇಟೆಂಟ್‌ಗಳನ್ನು ನೋಡಿದ ಆ ಅಧ್ಯಯನದ ಪ್ರಕಾರ, ಸಂಶೋಧಕರು ತಮ್ಮ ಹಿಂದಿನ ಕೆಲಸದಿಂದ ಎಷ್ಟು ದೂರ ಹಾರುತ್ತಾರೋ ಆ ಕೆಲಸಕ್ಕೆ ಸಿಗುವ ಗಮನ ಅಷ್ಟು ಕಡಿಮೆಯಾಗುತ್ತದೆ. ಹೊಸ ಜಾಗದಲ್ಲಿ ನಿಮ್ಮನ್ನು ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ಯಾವ ಪ್ರಶ್ನೆ ಹಳತಾಗಿದೆ ಎಂದು ನಿಮಗೂ ಗೊತ್ತಿರುವುದಿಲ್ಲ.

ಎರಡನ್ನೂ ಸೇರಿಸಿ ಓದಿದರೆ ನನಗೆ ಅನ್ನಿಸುವುದು ಹೀಗೆ. ಸಮಸ್ಯೆ ಬದಲಿಸಿ, ಕೈಯಲ್ಲಿರುವ ಉಪಾಯಗಳನ್ನು ಬದಲಿಸಬೇಡಿ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರನ್ನು ನೋಡಿ. ನಕ್ಷತ್ರಗಳ ಒಳರಚನೆಯಿಂದ ಶುರುಮಾಡಿ ನಕ್ಷತ್ರಗುಚ್ಛಗಳ ಚಲನೆಗೆ ಹೋದರು. ಅಲ್ಲಿಂದ ಬೆಳಕು ವಾತಾವರಣವನ್ನು ದಾಟುವ ಬಗೆ, ಆಮೇಲೆ ದ್ರವಗಳ ಸ್ಥಿರತೆ, ಕೊನೆಗೆ ಕಪ್ಪುಕುಳಿಗಳು. ಹೆಚ್ಚುಕಡಿಮೆ ಹತ್ತು ವರ್ಷಕ್ಕೊಂದು ವಿಷಯ. ಪ್ರತಿ ಸಲವೂ ಅದೇ ಗಟ್ಟಿ ಗಣಿತವನ್ನು ಜೊತೆಗೆ ಒಯ್ದರು. 1983ರಲ್ಲಿ 73ನೇ ವಯಸ್ಸಿನಲ್ಲಿ ನೊಬೆಲ್ ಬಂದದ್ದು ಯೌವನದಲ್ಲಿ ಶುರುಮಾಡಿದ ನಕ್ಷತ್ರಗಳ ಕೆಲಸಕ್ಕೆ. ಅದೇ ವರ್ಷ ಅವರ ಕಪ್ಪುಕುಳಿಗಳ ಪುಸ್ತಕವೂ ಹೊರಬಂತು. ಎಂಜಿನಿಯರಿಂಗ್ ಕಡೆಯಿಂದ ಫ್ರಾನ್ಸೆಸ್ ಅರ್ನಾಲ್ಡ್ ಇದ್ದಾರೆ. ಮೊದಲು ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಎಂಜಿನಿಯರಿಂಗ್ ಓದಿದರು, ಸೌರಶಕ್ತಿಯ ಕೆಲಸ ಮಾಡಿದರು, ಆಮೇಲೆ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ. 1990ರ ದಶಕದ ಆರಂಭದಲ್ಲಿ ಕಿಣ್ವಗಳನ್ನು ಬೇಕಾದ ಹಾಗೆ ಪೀಳಿಗೆಯಿಂದ ಪೀಳಿಗೆಗೆ ಬದಲಿಸಿ ಆರಿಸುವ ವಿಧಾನ ಕಟ್ಟಿದರು. ಬದಲಿಸು, ಪರೀಕ್ಷಿಸು, ಒಳ್ಳೆಯದನ್ನು ಉಳಿಸಿಕೊಂಡು ಮತ್ತೆ ಬದಲಿಸು ಎಂಬುದು ಎಂಜಿನಿಯರ್ ಒಬ್ಬರಿಗೆ ಸಹಜವಾಗಿ ಹೊಳೆಯುವ ದಾರಿ. 2018ರ ನೊಬೆಲ್ ಅದಕ್ಕೆ ಬಂತು.

ನಿಮ್ಮ ವಿಷಯದಲ್ಲಿ ಈ ದಾರಿ ತೆರೆದೇ ಇದೆ. ಬ್ಯಾಟರಿ ತಂಪಾಗಿಸುವುದು ಮೂಲದಲ್ಲಿ ಶಾಖದ ಹರಿವಿನ ಸಮಸ್ಯೆ. ಅದರ ಸಮೀಕರಣ ಬಿಡಿಸುವುದು ನಿಮಗೆ ಗೊತ್ತು. ಕಲಿಯಬೇಕಾದದ್ದು ಶಾಖ ಎಲ್ಲಿಂದ ಬರುತ್ತದೆ ಎಂಬುದನ್ನು. ಕರೆಂಟ್ ಎಷ್ಟು, ಸೆಲ್ ಎಷ್ಟು ಚಾರ್ಜ್ ಆಗಿದೆ, ಎಷ್ಟು ಹಳೆಯದು, ಹೊರಗಿನ ತಾಪಮಾನ ಎಷ್ಟು ಎಂಬುದರ ಮೇಲೆ ಅದು ಬದಲಾಗುತ್ತದೆ. ಲಿಥಿಯಂ-ಅಯಾನ್ ಸೆಲ್ಲಿನ ಒಳಗೆ ತೆಳು ಪದರಗಳಿವೆ. ಪದರಗಳ ಉದ್ದಕ್ಕೆ ಶಾಖ ಸಲೀಸಾಗಿ ಹರಿಯುತ್ತದೆ, ಪದರ ದಾಟಿ ಹೋಗುವಾಗ ಹತ್ತು ಪಟ್ಟಿಗಿಂತ ಜಾಸ್ತಿ ಕಷ್ಟಪಡುತ್ತದೆ. ಹೊರಮೈಯ ತಾಪ ಅಳೆದರೆ ಒಳಗೆ ಏನಾಗಿದೆ ಎಂದು ನೇರವಾಗಿ ತಿಳಿಯುವುದಿಲ್ಲ. ಇಂಥ ಕಡೆ ಲೆಕ್ಕಾಚಾರ ಬಲ್ಲವರು ನಿಜವಾಗಿ ಬೇಕು. ಎಲೆಕ್ಟ್ರೋಕೆಮಿಸ್ಟ್ರಿ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಿಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಬಾಗಿಲನ್ನೇ ಮೊದಲು ತಟ್ಟಿ. ಅವರಿಗೂ ಶಾಖದ ಲೆಕ್ಕ ಬಲ್ಲವರು ಸಿಕ್ಕಿರುವುದಿಲ್ಲ.

ಹಳೆಯ ವಿಷಯವನ್ನು ಒಮ್ಮೆಲೇ ಬಿಡಬೇಡಿ. ಎರಡು ಮೂರು ವರ್ಷ ಎರಡೂ ಇರಲಿ. ವಿದ್ಯಾರ್ಥಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದರಲ್ಲಿ ನೋವು ಅನುಭವಿಸುವವರು ಅವರು. ಹೊಸ ವಿಷಯದ ಅತಿ ಅಪಾಯದ ಪ್ರಶ್ನೆಯನ್ನು ನಿಮ್ಮ ಪಿಎಚ್‌ಡಿ ವಿದ್ಯಾರ್ಥಿಯ ಹೆಗಲಿಗೆ ಹಾಕಬೇಡಿ. ಅದು ಕೈಕೊಟ್ಟರೆ ನಿಮ್ಮ ಒಂದು ಪೇಪರ್ ಹೋಗುತ್ತದೆ, ಅವರದ್ದು ಬದುಕಿನ ನಾಲ್ಕು ವರ್ಷ ಹೋಗುತ್ತದೆ. ಆ ಪ್ರಶ್ನೆಯನ್ನು ನಿಮ್ಮ ಎರಡು ಬೆಳಗ್ಗೆಗಳಿಗೆ ಇಟ್ಟುಕೊಳ್ಳಿ. ವಿದ್ಯಾರ್ಥಿಗೆ ಗಟ್ಟಿ ನೆಲವಿರುವ ಭಾಗ ಕೊಡಿ, ಅದರ ಪಕ್ಕದಲ್ಲೇ ಹೊಸದೊಂದು ಕವಲು ಇರಲಿ.

ವಾಪಸ್ ಬಂದ ಪ್ರಪೋಸಲ್‌ಗಳಿಗೆ ಬರೋಣ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಂಥ ದೊಡ್ಡ ಸಂಸ್ಥೆಯಲ್ಲೇ ಸುಮಾರು ಐದಕ್ಕೊಂದು ಅರ್ಜಿಗೆ ಮಾತ್ರ ಹಣ ಸಿಗುತ್ತಾ ಬಂದಿದೆ. ಎರಡು ಸಲ ಇಲ್ಲ ಎನ್ನಿಸಿಕೊಂಡದ್ದು ಅಂಥ ಕಡೆ ತೀರ ಸಾಮಾನ್ಯ. ಮುಖ್ಯವಾದದ್ದು ಆಮೇಲೆ ಏನಾಗುತ್ತದೆ ಎಂಬುದು. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ಯುವ ಸಂಶೋಧಕರ ಮೇಲೆ ಒಂದು ಅಧ್ಯಯನ ಬಂತು. ಆಯ್ಕೆಯ ಅಂಕದ ಗೆರೆಗಿಂತ ಸ್ವಲ್ಪ ಮೇಲಿದ್ದು ಗ್ರಾಂಟ್ ಪಡೆದವರು, ಸ್ವಲ್ಪ ಕೆಳಗಿದ್ದು ಕಳೆದುಕೊಂಡವರು. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ. ಆದರೂ ಮುಂದಿನ ಎಂಟು ವರ್ಷಗಳಲ್ಲಿ ಪಡೆದವರಿಗೆ ಎರಡು ಪಟ್ಟಿಗಿಂತ ಜಾಸ್ತಿ ಹಣ ಸೇರಿತು. ಉಳ್ಳವರಿಗೇ ಇನ್ನಷ್ಟು ಸೇರುವ ಈ ಗುಣವನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ವಿವರಿಸಿದ್ದರು. ಆದರೆ ಈ ಅಂತರಕ್ಕೆ ಒಂದು ಕಾರಣ ನಮ್ಮ ಕೈಯಲ್ಲೇ ಇದೆ. ಕಳೆದುಕೊಂಡವರಲ್ಲಿ ಬಹಳ ಜನ ಮತ್ತೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದರು. 2019ರ ಇನ್ನೊಂದು ಅಧ್ಯಯನ ಅಮೆರಿಕದವರ ಮೇಲೆ ನಡೆಯಿತು. ಅಲ್ಲೂ ಕೂದಲೆಳೆಯಲ್ಲಿ ಸೋತವರಲ್ಲಿ ಕೆಲವರು ಆ ಕ್ಷೇತ್ರವನ್ನೇ ಬಿಟ್ಟರು. ಬಿಡದೆ ನಿಂತವರು ಮುಂದಿನ ಹತ್ತು ವರ್ಷಗಳಲ್ಲಿ ಕೂದಲೆಳೆಯಲ್ಲಿ ಗೆದ್ದವರಿಗಿಂತ ಒಳ್ಳೆಯ ಪೇಪರ್‌ಗಳನ್ನು ಬರೆದಿದ್ದರು.

ಹಾಗಾಗಿ ರಿವ್ಯೂವರ್‌ಗಳ ಟಿಪ್ಪಣಿ ತೆಗೆದು ಮತ್ತೆ ಓದಿ. "ವಿಷಯ ಮುಖ್ಯವಲ್ಲ" ಎಂದಿದ್ದಾರಾ, "ಇವರಿಂದ ಆಗುತ್ತದೆಂಬ ನಂಬಿಕೆಯಿಲ್ಲ" ಎಂದಿದ್ದಾರಾ? ಎರಡಕ್ಕೂ ಮದ್ದು ಬೇರೆ. ಹೊಸ ವಿಷಯದ ಪ್ರಪೋಸಲ್‌ಗಳು ಹೆಚ್ಚಾಗಿ ಸೋಲುವುದು ಎರಡನೆಯ ಕಾರಣಕ್ಕೆ. ಒಂದೇ ಒಂದು ಸೆಲ್ಲಿನ ಲೆಕ್ಕ ಮಾಡಿ, ಬೇರೆಯವರು ಪ್ರಕಟಿಸಿದ ಅಳತೆಯ ಜೊತೆ ಹೋಲಿಸಿ, ಒಂದು ಸಣ್ಣ ಪೇಪರ್ ಅಥವಾ ಸಮ್ಮೇಳನದ ಲೇಖನ ಮಾಡಿಕೊಂಡು ಆಮೇಲೆ ಅರ್ಜಿ ಹಾಕಿ. ಅದಕ್ಕೆ ಹಣ ಬೇಕಾಗಿಲ್ಲ.

ಎಚ್-ಇಂಡೆಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭೌತಶಾಸ್ತ್ರಜ್ಞ ಹೋರ್ಹೆ ಹಿರ್ಷ್ 2005ರಲ್ಲಿ ಅದನ್ನು ಸೂಚಿಸಿದರು. ಕನಿಷ್ಠ 10 ಸಲ ಉಲ್ಲೇಖವಾದ 10 ಪೇಪರ್ ಇದ್ದರೆ ನಿಮ್ಮ ಎಚ್-ಇಂಡೆಕ್ಸ್ 10. ಅದು ಎಂದೂ ಇಳಿಯುವುದಿಲ್ಲ, ವಯಸ್ಸಿನ ಜೊತೆ ಏರುತ್ತಲೇ ಇರುತ್ತದೆ. ದೊಡ್ಡ ಕ್ಷೇತ್ರದಲ್ಲಿ ಬೇಗ ಏರುತ್ತದೆ, ಸಣ್ಣದರಲ್ಲಿ ನಿಧಾನ. ಪಕ್ಕದ ಕೋಣೆಯವರು ಬೇರೆ ಕ್ಷೇತ್ರದವರಾದರೆ ಅವರ ಅಂಕಿಯ ಜೊತೆ ನಿಮ್ಮದನ್ನು ಹೋಲಿಸುವುದಕ್ಕೆ ಅರ್ಥವಿಲ್ಲ. ಜರ್ನಲ್‌ಗಳ ಅಂಕಿ ನೋಡಿ ಸಂಶೋಧಕರನ್ನು ಅಳೆಯಬೇಡಿ ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. ಸಾವಿರಾರು ಸಂಸ್ಥೆಗಳು ಅದಕ್ಕೆ ಸಹಿಯನ್ನೂ ಹಾಕಿವೆ. ಭೌತಶಾಸ್ತ್ರಜ್ಞ ಪೀಟರ್ ಹಿಗ್ಸ್ 1964ರಲ್ಲಿ ಹಿಗ್ಸ್ ಬೋಸಾನ್ ಕಣವನ್ನು ಊಹಿಸಿದ ಆ ಪ್ರಸಿದ್ಧ ಕೆಲಸದ ನಂತರ ಬರೆದ ಪೇಪರ್‌ಗಳು ಹತ್ತಕ್ಕಿಂತ ಕಡಿಮೆ. ಇವತ್ತಿನ ಪದ್ಧತಿಯಲ್ಲಿ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಎಂದು ಅವರೇ 2013ರಲ್ಲಿ ಹೇಳಿದ್ದರು. ಲೇಸರ್ ಭೌತಶಾಸ್ತ್ರಜ್ಞೆ ಡೊನ್ನಾ ಸ್ಟ್ರಿಕ್‌ಲ್ಯಾಂಡ್ 2018ರಲ್ಲಿ ನೊಬೆಲ್ ಪಡೆದಾಗ ಇನ್ನೂ ಸಹ ಪ್ರಾಧ್ಯಾಪಕಿ. ಪೂರ್ಣ ಪ್ರಾಧ್ಯಾಪಕರ ಹುದ್ದೆಗೆ ಅವರು ಅರ್ಜಿಯೇ ಹಾಕಿರಲಿಲ್ಲ.

ನೀವು ಮಾತ್ರ ಬಡ್ತಿಗೆ ಅರ್ಜಿ ಹಾಕಿ, ಅದು ನಿಮ್ಮ ಹಕ್ಕು. ಅಲ್ಲಿ ಅಂಕಿ ಕೇಳಿದರೆ ಕೊಡಿ. ಆದರೆ ಅಂಕಿ ಏರಿಸಲು ಒಂದು ಕೆಲಸವನ್ನು ಮೂರು ಪೇಪರ್ ಮಾಡುವುದು, ದುಡ್ಡು ಕೊಟ್ಟು ಹೆಸರು ಸೇರಿಸಿಕೊಳ್ಳುವುದು, ಇವುಗಳ ಹತ್ತಿರ ಹೋಗಬೇಡಿ. 2023ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಪೇಪರ್‌ಗಳು ರದ್ದಾದವು. ಅದರಲ್ಲಿ ದೊಡ್ಡ ಪಾಲು ನಕಲಿ ಪೇಪರ್ ಮತ್ತು ರಿವ್ಯೂ ಮೋಸದ ಸರಕು. ರದ್ದಾದ ಪೇಪರ್ ಹೆಸರಿನ ಜೊತೆ ಕೊನೆಯವರೆಗೂ ಇರುತ್ತದೆ.

ಕೊನೆಗೆ ಉಪ ಡೀನ್ ಹುದ್ದೆ. ಈಗ ಬೇಡ ಎನ್ನಿ. ಆಡಳಿತ ಕೀಳು ಕೆಲಸ ಎಂದಲ್ಲ. ಒಳ್ಳೆಯ ಡೀನ್ ಇದ್ದರೆ ನೂರು ಜನರ ಸಂಶೋಧನೆ ಸುಗಮವಾಗುತ್ತದೆ. ಅಂಥವರ ಋಣ ನನ್ನ ಮೇಲೂ ಇದೆ. ಆದರೆ ಹಳೆಯದು ಮುಗಿದು ಹೊಸದು ಶುರುವಾಗದ ಈ ನಡುಗಾಲದಲ್ಲಿ ಆ ಕುರ್ಚಿಯಲ್ಲಿ ಕೂತರೆ ವಾಪಸ್ ಬರುವ ದಾರಿಯನ್ನು ಮುಳ್ಳುಗಿಡ ಮುಚ್ಚಿಬಿಡುತ್ತದೆ. ನಡೆಯುತ್ತಿರುವ ಕೆಲಸ ಇದ್ದವರು ಮೂರು ವರ್ಷ ಆಡಳಿತ ಮಾಡಿ ಅದಕ್ಕೆ ಮರಳುತ್ತಾರೆ, ಮರಳುವುದಕ್ಕೆ ಅವರಿಗೆ ಏನೋ ಒಂದು ಇರುತ್ತದೆ. ಬ್ಯಾಟರಿಯ ಮೊದಲ ವಿದ್ಯಾರ್ಥಿ ಥೀಸಿಸ್ ಕೊಟ್ಟ ಮೇಲೆ ಮತ್ತೆ ಕರೆದರೆ ಯೋಚಿಸಿ.

ಬೇಡ ಎನ್ನಲು ಬರುವುದೇ ಇಲ್ಲ ಎಂಬ ಪರಿಸ್ಥಿತಿ ಇದ್ದರೆ, ಒಪ್ಪುವ ಮೊದಲೇ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ. ಅವಧಿ ಎಷ್ಟು, ಪಾಠದ ಗಂಟೆ ಎಷ್ಟು ಕಡಿಮೆ ಮಾಡುತ್ತಾರೆ, ಲ್ಯಾಬ್‌ಗೆ ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕ) ಕೊಡುತ್ತಾರಾ. ಬಾಯಿಮಾತಿನ ಭರವಸೆ ಡೀನ್ ಬದಲಾದ ದಿನ ಹೋಗುತ್ತದೆ. ಉತ್ತರ ಬರುವವರೆಗೆ ಸಹಿ ಹಾಕಬೇಡಿ. ಎರಡು ಬೆಳಗ್ಗೆಗಳನ್ನು ಮಾತ್ರ ಈ ಸೆಮಿಸ್ಟರ್‌ನ ಟೈಮ್‌ಟೇಬಲ್‌ನಲ್ಲೇ ಗುರುತು ಮಾಡಿಬಿಡಿ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.